ಕೃಷಿನೀತಿಯೂ ಆರೋಗ್ಯನೀತಿಯೇ

ಆಯುರ್ವೇದವು ಆಹಾರ, ನಿದ್ರೆ, ಬ್ರಹ್ಮಚರ್ಯಗಳನ್ನು ಶರೀರದ ಮೂರು ಉಪಸ್ತಂಭಗಳೆಂದು ಕರೆದು, ಆಹಾರಕ್ಕೆ ಮೊದಲ ಸ್ಥಾನವನ್ನು ನೀಡಿದೆ. ಆದರೆ ನಮ್ಮ ತಟ್ಟೆಗೆ ಬರುವ ಆಹಾರವನ್ನು ಅಡುಗೆಮನೆಯೊಂದೇ ನಿರ್ಧರಿಸುವುದಿಲ್ಲ. ರೈತನು ಏನನ್ನು ಬಿತ್ತಿದನು, ಅದಕ್ಕೆ ಎಷ್ಟು ಬೆಲೆ ದೊರೆಯಿತು, ಪಡಿತರ ಅಂಗಡಿಯಲ್ಲಿ ಯಾವ ಧಾನ್ಯ ಸಿಕ್ಕಿತು ಎಂಬುವೂ ಅದನ್ನು ನಿರ್ಧರಿಸುತ್ತವೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5ರಷ್ಟು, 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8ರಷ್ಟು ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದಾರೆ. ದೇಶದಲ್ಲಿಯೇ ಅತಿ ಹೆಚ್ಚು ರಾಗಿ ಬೆಳೆಯುವ ನಾಡಿನ ಸ್ಥಿತಿಯಿದು.

ಸರ್ಕಾರದ ಕ್ರಮಗಳು ಇಲ್ಲವೆಂದಲ್ಲ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯು ಅಕ್ಕಿ, ಗೋಧಿಗಳ ಜೊತೆಗೆ ಒರಟು ಧಾನ್ಯಗಳಿಗೂ ಪಡಿತರದಲ್ಲಿ ಸ್ಥಾನ ನೀಡಿತು. ನಮ್ಮ ರಾಜ್ಯದಲ್ಲಿ ದಕ್ಷಿಣದ ಜಿಲ್ಲೆಗಳಿಗೆ ರಾಗಿಯನ್ನೂ ಉತ್ತರದ ಜಿಲ್ಲೆಗಳಿಗೆ ಜೋಳವನ್ನೂ ಅಕ್ಕಿಯೊಡನೆ ವಿತರಿಸುವ ವ್ಯವಸ್ಥೆ ಬಂದಿತು. ರಾಗಿಯ ಬೆಂಬಲ ಬೆಲೆ 2023-24ರಲ್ಲಿ ಕ್ವಿಂಟಲಿಗೆ 3,846 ರೂಪಾಯಿ ಇದ್ದುದು 2024-25ರಲ್ಲಿ 4,290 ರೂಪಾಯಿ ಆಯಿತು. ಸಿರಿಧಾನ್ಯ ಬೆಳೆಗಾರರಿಗೆ ‘ರೈತಸಿರಿ’ ಯೋಜನೆಯಡಿ ಹೆಕ್ಟೇರಿಗೆ 10,000 ರೂಪಾಯಿ ಪ್ರೋತ್ಸಾಹಧನ ಘೋಷಿತವಾಯಿತು. 2024ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಹಾಲಿನೊಡನೆ ರಾಗಿ ಮಾಲ್ಟ್ ಕೊಡುವುದು ಆರಂಭವಾಯಿತು. ಸರ್ಕಾರವು ರೈತನಿಂದ ಕೊಂಡ ರಾಗಿಯೇ ಪಡಿತರದ ಮೂಲಕ ಮನೆಗಳಿಗೆ ಸೇರುವುದರಿಂದ, ಒಂದೇ ಧಾನ್ಯವು ರೈತನಿಗೆ ಬೆಲೆಯನ್ನೂ ಕುಟುಂಬಕ್ಕೆ ಪುಷ್ಟಿಯನ್ನೂ ಕೊಡಬಲ್ಲುದು.

ಆದರೆ ಕೊರತೆಯೂ ಇದೆ. ರಾಗಿಯ ಕೊಯ್ಲು ನವೆಂಬರ್-ಡಿಸೆಂಬರ್‌ನಲ್ಲಿ ಮುಗಿಯುತ್ತದೆ. ಖರೀದಿ ಕೇಂದ್ರ ತಡವಾಗಿ ತೆರೆದರೆ, ಸಾಲದ ಹೊರೆಯುಳ್ಳ ಸಣ್ಣ ರೈತನು ಕಾಯಲಾರದೆ ಕಡಿಮೆ ಬೆಲೆಗೆ ಮಾರುತ್ತಾನೆ. ಕೊಯ್ಲಿನ ಹೊತ್ತಿಗೇ ಕೇಂದ್ರಗಳು ತೆರೆಯಬೇಕು. ರೈತಬಾಂಧವರು ಫ್ರೂಟ್ಸ್ ತಂತ್ರಾಂಶದಲ್ಲಿ ತಮ್ಮ ಹೆಸರು, ಬೆಳೆಯ ವಿವರಗಳನ್ನು ಮುಂಚಿತವಾಗಿಯೇ ನೋಂದಾಯಿಸಿಕೊಳ್ಳುವುದು ಒಳಿತು.

ಇನ್ನೊಂದು ಕೊರತೆ ನಮ್ಮದೇ. ರಾಗಿ ಬೆಳೆದ ಮನೆಯವರೇ ಅದನ್ನೆಲ್ಲ ಮಾರಿ, ಪಾಲಿಶ್ ಮಾಡಿದ ಅಕ್ಕಿಯನ್ನು ಮಾತ್ರ ಉಣ್ಣುವುದನ್ನು ನನ್ನ ಚಿಕಿತ್ಸಾಲಯಕ್ಕೆ ಬರುವವರಲ್ಲಿ ಕಾಣುತ್ತಿದ್ದೇನೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ. ಅಂತಹ ಅಕ್ಕಿಯಲ್ಲಿ ಹತ್ತು ಮಿಲಿಗ್ರಾಂ ಆಸುಪಾಸು. ಹಿಂದಿನವರು ಹಗೇವಿನಲ್ಲಿ ವರ್ಷಗಟ್ಟಲೆ ರಾಗಿಯನ್ನು ಕಾಪಿಡುತ್ತಿದ್ದರು. ಇಂದೂ ಮನೆಯ ವರ್ಷದ ಪಾಲನ್ನು ತೆಗೆದಿರಿಸಿಯೇ ಉಳಿದುದನ್ನು ಮಾರುವುದು ವಿವೇಕ.

ಬಳಕೆಯ ಕ್ರಮವೂ ಮುಖ್ಯ. ನವಣೆ, ಹಾರಕ ಮೊದಲಾದ ಕ್ಷುದ್ರಧಾನ್ಯಗಳನ್ನು ನಮ್ಮ ಶಾಸ್ತ್ರವು ರೂಕ್ಷ ಗುಣವುಳ್ಳವೆಂದೂ ವಾತವನ್ನು ಹೆಚ್ಚಿಸುವವೆಂದೂ ಹೇಳಿದೆ. ಆದ್ದರಿಂದ ಇವುಗಳನ್ನು ತುಪ್ಪ, ಮಜ್ಜಿಗೆ, ಸೊಪ್ಪಿನ ಸಾರುಗಳೊಡನೆ ಸೇವಿಸಬೇಕು. ಧಾನ್ಯವನ್ನು ನೆನೆಸಿ ಮೊಳಕೆ ಬರಿಸಿದರೆ ಅದರಲ್ಲಿನ ಕಬ್ಬಿಣದ ಅಂಶ ದೇಹಕ್ಕೆ ಹೆಚ್ಚು ದಕ್ಕುತ್ತದೆ. ನಿಂಬೆರಸ, ನೆಲ್ಲಿಕಾಯಿಗಳೂ ಇದಕ್ಕೆ ನೆರವು. ಊಟದ ಜೊತೆಗೆ ಚಹಾ, ಕಾಫಿ ಬೇಡ. ಆರು ತಿಂಗಳು ತುಂಬಿದ ಮಗುವಿಗೆ ತಾಯಿಹಾಲಿನೊಡನೆ ಮೊಳಕೆ ರಾಗಿಯ ಸರಿ ಹಿತಕರ. ಮಧುಮೇಹಿಗಳು ತೆಳುವಾದ ಗಂಜಿಗಿಂತ ಮಿತವಾದ ಮುದ್ದೆಯನ್ನು ಸೊಪ್ಪು, ಕಾಳುಗಳೊಡನೆ ಉಣ್ಣುವುದು ಲೇಸು. ಆದರೆ ರಾಗಿಯೊಂದರಿಂದಲೇ ರಕ್ತಹೀನತೆ ನೀಗದು. ಕಾಳು, ಸೊಪ್ಪು, ಹಣ್ಣುಗಳೂ ಬೇಕು. ಮುಖ ಬಿಳಿಚಿದ, ಬೇಗ ದಣಿಯುವ ಮಕ್ಕಳಿಗೂ ಗರ್ಭಿಣಿಯರಿಗೂ ರಕ್ತಪರೀಕ್ಷೆ ಮಾಡಿಸಿ, ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆಗಳನ್ನು ತಪ್ಪದೆ ಕೊಡಿರಿ.

ಸರ್ಕಾರವು ಬೆಲೆಯನ್ನು ಘೋಷಿಸಬಹುದು, ಪಡಿತರದಲ್ಲಿ ಧಾನ್ಯ ಕೊಡಬಹುದು. ಅದನ್ನು ಮಗುವಿನ ತಟ್ಟೆಗೆ ಬಡಿಸಬೇಕಾದವರು ನಾವೇ.