ಸೂಜಿ ನಡುವೆ, ರನ್‌ವೇ ಪಕ್ಕಕ್ಕೆ

ಇಳಿಯುವ ದಾರಿ ತೋರುವ ಐಎಲ್‌ಎಸ್ ಸೂಜಿಗಳೆರಡೂ ನಟ್ಟನಡುವೆ ನಿಂತಿವೆ. ಇನ್ನೂರು ಅಡಿಗೆ ಇಳಿದು ಮೋಡ ಸರಿದಾಗ ನೋಡಿದರೆ ರನ್‌ವೇ ಎಡಗಡೆ ಎಲ್ಲೋ ಇದೆ, ವಿಮಾನ ಹುಲ್ಲಿನ ಮೇಲೆ. ಫ್ಲೈಟ್ ಸಿಮ್ಯುಲೇಟರ್ ಹಚ್ಚಿಕೊಂಡವರಿಗೆ ಇದು ಗೊತ್ತಿರುವ ಕಾಟ. ಬಹಳ ಮಂದಿ ಆಟೋಪೈಲಟ್‌ಗೆ ಬಯ್ದು ಸುಮ್ಮನಾಗುತ್ತಾರೆ. ಕೆಲವರು ಮಾತ್ರ ದೋಷದ ಜಾಡು ಹಿಡಿದು ಹೊರಡುತ್ತಾರೆ. ಅವರ ಕಸುಬು ನೋಡುವಂಥದ್ದು.

ನಿಜದ ನಿಲ್ದಾಣದಲ್ಲಿ ಐಎಲ್‌ಎಸ್‌ನ ಎಡಬಲ ತೋರುವ ಲೋಕಲೈಜರ್ ಆಂಟೆನಾ ಇರುವುದು ರನ್‌ವೇಯ ಆಚೆ ತುದಿಯಲ್ಲಿ. ಅದು 90 ಮತ್ತು 150 ಹರ್ಟ್ಜ್‌ನ ಎರಡು ಸ್ವರಗಳನ್ನು ಬೀರುತ್ತದೆ. ಎರಡೂ ಸಮವಾಗಿ ಸಿಗುವ ಕಡೆಯೇ ನಡುಗೆರೆ. ಸಿಮ್ಯುಲೇಟರಿನಲ್ಲಿ ಆಂಟೆನಾವೂ ಇಲ್ಲ, ಅಲೆಯೂ ಇಲ್ಲ. ಫ್ಲೈಟ್‌ಗಿಯರ್‌ನಂಥ ಉಚಿತ ತಂತ್ರಾಂಶದಲ್ಲಿ ಅದು ಪಠ್ಯ ಕಡತದ ಒಂದೇ ಸಾಲು: ಅಕ್ಷಾಂಶ, ರೇಖಾಂಶ, ಎತ್ತರ, ಆವರ್ತನ, ದಿಕ್ಕು. ರನ್‌ವೇ ಇರುವುದು ಬೇರೆಯದೇ ಕಡತದಲ್ಲಿ. ಎರಡನ್ನೂ ಒಬ್ಬರೇ ಬರೆದಿರಬೇಕೆಂದಿಲ್ಲ, ಒಂದೇ ಕಾಲದ್ದೂ ಆಗಿರಬೇಕೆಂದಿಲ್ಲ. 2019ರ ಡಿಸೆಂಬರಿನಲ್ಲಿ ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಲ್ಲಿ ಎರಡನೆಯ ರನ್‌ವೇ ಬಂದ ಮೇಲೆ ಹಳೆಯ 09 ಈಗ 09ಎಲ್. ಒಂದು ಕಡತ ಹೊಸದು, ಇನ್ನೊಂದು ಹಳೆಯದಾದರೆ ಹೆಸರಿಗೆ ಹೆಸರೇ ಕೂಡುವುದಿಲ್ಲ.

ಬಲ್ಲವರು ಮೊದಲು ನೋಡುವುದು ಕಡತವನ್ನಲ್ಲ, ಆ ನಿಲ್ದಾಣಕ್ಕೆ ಇಳಿಯುವ ಚಾರ್ಟನ್ನು. ಓರೆಯಾಗಿ ಬರುವುದೇ ಅಲ್ಲಿನ ಕ್ರಮವಾಗಿದ್ದರೆ? 1998ರಲ್ಲಿ ಮುಚ್ಚಿದ ಹಾಂಗ್‌ಕಾಂಗಿನ ಕೈ ಟಾಕ್‌ನಲ್ಲಿ ಕಿರಣ ಗುಡ್ಡದ ಕಡೆಗಿತ್ತು. ಅಲ್ಲಿಂದ ಪೈಲಟ್ 47 ಡಿಗ್ರಿ ಬಲಕ್ಕೆ ಕಣ್ಣಳತೆಯಲ್ಲೇ ತಿರುಗಿ ಇಳಿಯಬೇಕಿತ್ತು. ಅದನ್ನು 'ಸರಿಪಡಿಸಿದರೆ' ಕೆಡಿಸಿದಂತೆಯೇ.

ಚಾರ್ಟ್ ನೇರವಾಗಿದೆ ಎಂದಾದ ಮೇಲೆ ಸೂಜಿಯನ್ನು ನಡುವಿಟ್ಟುಕೊಂಡು ಹಾರುತ್ತ, ದೂರದಲ್ಲೊಮ್ಮೆ, ರನ್‌ವೇ ಅಂಚಿನಲ್ಲೊಮ್ಮೆ ಆಟ ನಿಲ್ಲಿಸಿ, ನಡುಗೆರೆಯಿಂದ ಎಷ್ಟು ಸರಿದಿದ್ದೇವೆಂದು ಅಳೆಯುತ್ತಾರೆ. ನನಗೆ ಈ ಕಸುಬಿನಲ್ಲಿ ಎಲ್ಲಕ್ಕಿಂತ ಚೆಂದ ಕಾಣುವುದು ಈ ಅಳತೆಯೇ. ಎರಡೂ ಕಡೆ ಅಷ್ಟೇ ಮೀಟರ್ ಬಂದರೆ ಆಂಟೆನಾದ ಜಾಗ ತಪ್ಪಿದೆ. ಹತ್ತಿರವಾದಂತೆ ಕಡಿಮೆಯಾದರೆ ದಿಕ್ಕು ತಪ್ಪಿದೆ. ಮೂರು ಕಿಲೋಮೀಟರಿನ ರನ್‌ವೇ, ಅದರಾಚೆ 300 ಮೀಟರಿಗೆ ಆಂಟೆನಾ ಎನ್ನಿ. ದಿಕ್ಕು ಒಂದೇ ಡಿಗ್ರಿ ತಪ್ಪಿದ್ದರೂ ಹತ್ತು ಕಿಲೋಮೀಟರ್ ಹೊರಗೆ ಸುಮಾರು 230 ಮೀಟರ್ ಸರಿದಿರುತ್ತೀರಿ, ಅಂಚಿಗೆ ಬಂದಾಗಲೂ 58 ಮೀಟರ್. 45 ಮೀಟರ್ ಅಗಲದ ರನ್‌ವೇ ತಪ್ಪಲು ಅಷ್ಟು ಧಾರಾಳ ಸಾಕು, ಹುಲ್ಲೇ ಗತಿ.

ಜಾಗದ ತಪ್ಪಿನಲ್ಲೂ ಒಂದು ಸೂಕ್ಷ್ಮವಿದೆ. ಬೆಂಗಳೂರಿನಂತೆ ಪೂರ್ವ-ಪಶ್ಚಿಮಕ್ಕೆ ಮಲಗಿದ ರನ್‌ವೇಯಲ್ಲಿ ರೇಖಾಂಶ ಕೊಂಚ ತಪ್ಪಿದರೆ ಆಂಟೆನಾ ನಡುಗೆರೆಯ ಮೇಲೇ ಹಿಂದೆಮುಂದೆ ಜಾರುತ್ತದೆ, ಅಷ್ಟೇ. ಅಕ್ಷಾಂಶದ ಮೂರನೆಯ ದಶಮಾಂಶ ಸ್ಥಾನದಲ್ಲಿ ಒಂದು ಹೆಚ್ಚುಕಡಿಮೆಯಾದರೆ ಕಿರಣವೇ 111 ಮೀಟರ್ ಪಕ್ಕಕ್ಕೆ. ಸರಿಯಾದ ದಿಕ್ಕನ್ನು ರನ್‌ವೇಯ ಎರಡು ತುದಿಗಳಿಂದ ಲೆಕ್ಕ ಹಾಕಬಹುದು. ಆದರೆ ರೇಖಾಂಶದ ಒಂದು ಡಿಗ್ರಿ ಬೆಂಗಳೂರಿನಲ್ಲಿ ಸುಮಾರು 108 ಕಿಲೋಮೀಟರ್ ಆದರೆ ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ 76 ಮಾತ್ರ ಎಂಬುದು ನೆನಪಿರಲಿ.

ಅಡ್ಡ ಸರಿಹೋದರೂ ಎತ್ತರ ಉಳಿದಿರುತ್ತದೆ. ಹೊಸ ಸೀನರಿ ಹಾಕಿದಾಗ ನೆಲ ಹತ್ತು ಮೀಟರ್ ಮೇಲೆದ್ದು, ಇಳಿಜಾರು ತೋರುವ ಗ್ಲೈಡ್‌ಸ್ಲೋಪ್ ಹಳೆಯ ಎತ್ತರದಲ್ಲೇ ಉಳಿದರೆ, ರನ್‌ವೇ ಅಂಚನ್ನು 50 ಅಡಿಯಲ್ಲಿ ದಾಟಬೇಕಾದ್ದು 17ಕ್ಕೆ ಇಳಿಯುತ್ತದೆ. ಇದನ್ನೆಲ್ಲ ತಿದ್ದುವ ಮುನ್ನ ಮೂಲ ಕಡತದ ಒಂದು ಪ್ರತಿಯನ್ನು ತೆಗೆದಿಡಬೇಕು. ತಿದ್ದಿದ ಸಾಲನ್ನೂ ಬೇರೆಡೆ ಬರೆದಿಟ್ಟುಕೊಳ್ಳುವುದು ಒಳ್ಳೆಯದು, ಮುಂದಿನ ಅಪ್‌ಡೇಟ್ ಅದನ್ನು ಅಳಿಸಿಹಾಕಬಹುದು.