ಹಾರಿದ ಮೇಲಿನ ಎರಡು ವರ್ಷ

1903ನೆಯ ಇಸವಿ ಡಿಸೆಂಬರ್ 17ರಂದು ಅಮೆರಿಕದ ಕಿಟಿ ಹಾಕ್ ಎಂಬ ಊರಿನ ಸಮೀಪದ ಮರಳುದಿಣ್ಣೆಗಳ ಬಳಿ ರೈಟ್ ಸಹೋದರರು ವಿಮಾನವನ್ನು ಹಾರಿಸಿದರೆಂಬುದನ್ನು ನಾವೆಲ್ಲರೂ ಶಾಲೆಯಲ್ಲಿಯೇ ಬಾಯಿಪಾಠ ಮಾಡಿದ್ದೇವೆ. ಪಾಠವು ಅಲ್ಲಿಗೇ ಮುಗಿಯುತ್ತದೆ. ಮರುದಿನದಿಂದಲೇ ಮನುಷ್ಯನು ಹಕ್ಕಿಯಂತೆ ಸಂಚರಿಸತೊಡಗಿದನೆಂಬ ಭಾವನೆ ನಮ್ಮಲ್ಲಿ ಉಳಿಯುತ್ತದೆ. ವಾಸ್ತವವು ಹಾಗಿಲ್ಲ. ಅಂದು ನಡೆದ ನಾಲ್ಕು ಹಾರಾಟಗಳಲ್ಲಿ ಮೊದಲನೆಯದು 12 ಸೆಕೆಂಡು, 120 ಅಡಿ. ಕೊನೆಯದು 59 ಸೆಕೆಂಡು, 852 ಅಡಿ. ಆ ಬಳಿಕ ನೆಲದ ಮೇಲೆ ನಿಂತಿದ್ದ ಯಂತ್ರವನ್ನು ಬಿರುಗಾಳಿಯು ಉರುಳಿಸಿ ಮುರಿದುಹಾಕಿತು. ಅದು ಮತ್ತೆಂದೂ ಹಾರಲಿಲ್ಲ. ನೆಲ ಬಿಟ್ಟೇಳುವ ಯಂತ್ರವನ್ನು ನಂಬಿ ಹತ್ತಬಹುದಾದ ವಿಮಾನವನ್ನಾಗಿ ಮಾಡಲು ಅವರಿಗೆ ಇನ್ನೂ ಎರಡು ವರ್ಷ ಹಿಡಿಯಿತು. ಆ ಎರಡು ವರ್ಷಗಳ ವೃತ್ತಾಂತವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ವಿಲ್ಬರ್ ಮತ್ತು ಆರ್ವಿಲ್ ರೈಟ್ ಡೇಟನ್ ಪಟ್ಟಣದಲ್ಲಿ ಸೈಕಲ್ ಅಂಗಡಿ ಇಟ್ಟುಕೊಂಡಿದ್ದವರು. ಇಬ್ಬರೂ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಆ ಒಡಹುಟ್ಟಿದವರಲ್ಲಿ ಪದವಿ ಪಡೆದವಳು ತಂಗಿ ಕ್ಯಾಥರೀನ್ ಒಬ್ಬಳೇ. ಅವರ ಯಂತ್ರಕ್ಕೆ ಒಂದರ ಮೇಲೊಂದರಂತೆ ಎರಡು ರೆಕ್ಕೆಗಳು; ಮರದ ಚೌಕಟ್ಟು, ಅದಕ್ಕೆ ಬಟ್ಟೆಯ ಹೊದಿಕೆ, ತಂತಿಯ ಬಿಗಿತ. ಅಂಗಡಿಯ ಕೆಲಸಗಾರ ಚಾರ್ಲ್ಸ್ ಟೇಲರ್ ಎಂಜಿನನ್ನು ಅಲ್ಲಿಯೇ ಕಟ್ಟಿಕೊಟ್ಟಿದ್ದ. ಮೇಲೆ ಕೆಳಗೆ ತಿರುಗಿಸುವ ಹಲಗೆಗಳು ಮುಂಭಾಗದಲ್ಲಿದ್ದವು. ಪಕ್ಕಕ್ಕೆ ತಿರುಗಿಸುವ ಚುಕ್ಕಾಣಿ ಹಿಂಭಾಗದಲ್ಲಿತ್ತು. ನಡೆಸುವವನು ಕೆಳರೆಕ್ಕೆಯ ಮೇಲೆ ಬೋರಲಾಗಿ ಮಲಗಿ, ಸೊಂಟವನ್ನು ಅತ್ತಿತ್ತ ಸರಿಸಿ ರೆಕ್ಕೆಗಳ ತುದಿಯನ್ನು ಹೊರಳಿಸಬೇಕಾಗಿತ್ತು. ಹಿಂದಿನ ಚುಕ್ಕಾಣಿಯೂ ಅದೇ ಕಟ್ಟಿಗೆ ಸೇರಿಕೊಂಡು ಜೊತೆಯಲ್ಲಿಯೇ ತಿರುಗುತ್ತಿತ್ತು.

1904ರಲ್ಲಿ ಅವರು ಎರಡನೆಯ ಯಂತ್ರವನ್ನು ಕಟ್ಟಿ, ಡೇಟನ್ನಿಗೆ ಸುಮಾರು 8 ಮೈಲಿ ದೂರದ ಹಫ್ಮನ್ ಪ್ರೇರಿ ಎಂಬ ಹುಲ್ಲುಗಾವಲಿಗೆ ಒಯ್ದರು. ಅದು ದನ ಮೇಯುವ ಬಯಲು; ದನಗಳನ್ನು ಹೊರಗೆ ಅಟ್ಟಿ ಹಾರಬೇಕಾಗಿತ್ತು. ಮೇ ತಿಂಗಳಲ್ಲಿ ನೋಡಲು ಬಂದ ಪತ್ರಕರ್ತರು, ಎಂಜಿನು ಸರಿಯಾಗಿ ನಡೆಯದುದನ್ನು ಕಂಡು ನಿರಾಶರಾಗಿ ಹಿಂದಿರುಗಿದರು. ಇಲ್ಲಿನ ಮೊದಲ ತೊಡಕು ಗಾಳಿಯದು. ಕಿಟಿ ಹಾಕ್‌ನಲ್ಲಿ ಎದುರು ಬೀಸುವ ಬಲವಾದ ಗಾಳಿಯೇ ರೆಕ್ಕೆಗಳನ್ನು ಎತ್ತಲು ನೆರವಾಗುತ್ತಿತ್ತು, ಇಲ್ಲಿ ಅದಿಲ್ಲ. ಆದುದರಿಂದ ಸುಮಾರು 20 ಅಡಿ ಎತ್ತರದ ಮರದ ಗೋಪುರವನ್ನು ನಿಲ್ಲಿಸಿ, ಅದರ ತುದಿಯಿಂದ ಭಾರವನ್ನು ಕೆಳಕ್ಕೆ ಬಿಟ್ಟು, ಹಗ್ಗದ ಮೂಲಕ ಯಂತ್ರವನ್ನು ಹಳಿಯ ಮೇಲೆ ಮುಂದಕ್ಕೆ ಸೆಳೆಯುವ ಉಪಾಯವನ್ನು ಮಾಡಿದರು. ಸೆಪ್ಟೆಂಬರ್ 20ರಂದು ವಿಲ್ಬರ್ ಮೊದಲ ಬಾರಿಗೆ ಪೂರ್ಣ ಸುತ್ತೊಂದನ್ನು ಹಾಕಿ ಹೊರಟ ಕಡೆಗೇ ಬಂದ. ಅದನ್ನು ಕಣ್ಣಾರೆ ಕಂಡು ಬರೆದು ಪ್ರಕಟಿಸಿದವನು ಜೇನು ಸಾಕಣೆಯ ಪತ್ರಿಕೆಯೊಂದರ ಸಂಪಾದಕ ಏಮಸ್ ರೂಟ್!

ಆ ವರ್ಷ 105 ಬಾರಿ ಹಾರಿದರೂ ಯಂತ್ರದ ಚಂಚಲ ಸ್ವಭಾವ ಹೋಗಲಿಲ್ಲ. 1905ರ ಮೂರನೆಯ ಯಂತ್ರವೂ ಹಾಗೆಯೇ ಏಳುತ್ತ ಬೀಳುತ್ತ ಸಾಗುತ್ತಿತ್ತು. ಜುಲೈ 14ರಂದು ಅದು ಮೂಗಡಿಯಾಗಿ ನೆಲಕ್ಕೆ ಬಡಿದು, ಆರ್ವಿಲ್ ಸ್ವಲ್ಪದರಲ್ಲಿ ಪಾರಾದ. ಮುರಿದುದನ್ನು ಇದ್ದಂತೆಯೇ ಜೋಡಿಸಿದ್ದರೆ ಕಥೆ ಅಲ್ಲಿಗೇ ನಿಲ್ಲುತ್ತಿತ್ತು. ಅವರು ಮುಂದಿನ ಹಲಗೆಗಳನ್ನು ದೊಡ್ಡದು ಮಾಡಿ, ರೆಕ್ಕೆಯಿಂದ ಸುಮಾರು 7 ಅಡಿ ಮುಂದಿದ್ದುದನ್ನು ಸುಮಾರು 12 ಅಡಿ ಮುಂದಕ್ಕೆ ಕಟ್ಟಿದರು. ಆಗ ಯಂತ್ರದ ತುಯ್ದಾಟ ನಿಧಾನವಾಯಿತು. ತಿದ್ದಲು ನಡೆಸುವವನಿಗೆ ಸಮಯ ದೊರೆಯಿತು. ಹಿಂದಿನ ಚುಕ್ಕಾಣಿಯನ್ನು ರೆಕ್ಕೆಯ ಕಟ್ಟಿನಿಂದ ಬಿಡಿಸಿ ಅದಕ್ಕೆ ಬೇರೆಯೇ ಹಿಡಿಯನ್ನು ಕೊಟ್ಟಿದ್ದರು.

ಇನ್ನೊಂದು ದೋಷ ಉಳಿದಿತ್ತು. ಬಿಗಿಯಾಗಿ ತಿರುಗುವಾಗ ಒಮ್ಮೊಮ್ಮೆ ತಗ್ಗಿದ ರೆಕ್ಕೆ ಮೇಲೇಳುತ್ತಲೇ ಇರಲಿಲ್ಲ. ಸೆಪ್ಟೆಂಬರ್ 28ರಂದು ಆರ್ವಿಲ್ ಹೀಗೆಯೇ ಮುಳ್ಳುಮರವೊಂದರ ಕಡೆಗೆ ಜಾರತೊಡಗಿದ. ಹೇಗಾದರೂ ಇಳಿದುಬಿಡೋಣವೆಂದು ಮೂಗನ್ನು ಕೆಳಗೆ ಮಾಡಿದೊಡನೆ ಯಂತ್ರವು ತಾನಾಗಿ ಸರಿಹೋಯಿತು! ಕಾರಣ ಇದು: ತಿರುಗುವಾಗ ರೆಕ್ಕೆಗಳು ಯಂತ್ರದ ಭಾರವನ್ನು ಹೊರುವುದಲ್ಲದೆ ಅದನ್ನು ಒಳಗಡೆಗೆ ಸೆಳೆಯಲೂ ಬೇಕು. ಇದಕ್ಕೆ ಹೆಚ್ಚಿನ ವೇಗ ಬೇಕು. ವೇಗ ಸಾಲದಾದಾಗ ರೆಕ್ಕೆಯ ಹಿಡಿತ ತಪ್ಪುತ್ತದೆ. ಮೂಗನ್ನು ತಗ್ಗಿಸಿದರೆ ವೇಗ ಹೆಚ್ಚಿ ಹಿಡಿತ ಮರಳುತ್ತದೆ. ಒಂದು ವಾರ ಕಳೆದು ಅಕ್ಟೋಬರ್ 5ರಂದು ವಿಲ್ಬರ್ ಅದೇ ಬಯಲನ್ನು ಮತ್ತೆ ಮತ್ತೆ ಸುತ್ತುತ್ತ 24 ಮೈಲಿ ಹಾರಿದ. 39 ನಿಮಿಷಗಳಾದ ಮೇಲೆ ಇಂಧನ ತೀರಿತೆಂದು ಇಳಿದ. ಹಿಂದಿನ ಎರಡು ವರ್ಷಗಳ 109 ಹಾರಾಟಗಳನ್ನೂ ಕೂಡಿಸಿದರೆ ಆಗುವ ದೂರಕ್ಕಿಂತ ಅದು ಹೆಚ್ಚು.

ನಮ್ಮ ತಂದೆಯವರು ಬಡಗಿಗಳು. ಹೊಸ ಬಾಗಿಲನ್ನು ಕೂರಿಸಿದ ದಿನ ಅವರು ಕೆಲಸ ಮುಗಿಯಿತೆಂದು ಹೇಳುವುದಿಲ್ಲ. "ಬಾಗಿಲು ಒಂದು ಮಳೆ ಕಾಣಬೇಕು" ಎನ್ನುತ್ತಾರೆ. ಮಳೆಗಾಲದಲ್ಲಿ ಮರ ಉಬ್ಬಿದ ಮೇಲೆ ಹೋಗಿ, ಎಲ್ಲಿ ಹಿಡಿಯುತ್ತದೆಂದು ನೋಡಿ, ಅಷ್ಟನ್ನು ಮಾತ್ರ ಉಜ್ಜಿ ಬರುತ್ತಾರೆ. ರೈಟ್ ಸಹೋದರರು ಮಾಡಿದುದೂ ಇಂತಹ ಕೆಲಸವನ್ನೇ. ಇದರಲ್ಲಿ ಕೀರ್ತಿ ಕಡಿಮೆ. ಆದರೆ ಇದಿಲ್ಲದೆ ಆ 12 ಸೆಕೆಂಡುಗಳು ಬರಿಯ ಆಶ್ಚರ್ಯವಾಗಿ ಉಳಿಯುತ್ತಿದ್ದವು.

ನಮ್ಮ ಮನೆತನದಲ್ಲಿ ಪದವಿಯ ಪರೀಕ್ಷೆಗೆ ಕೂರುವವರಲ್ಲಿ ನಾನೇ ಮೊದಲನೆಯವನು. ಫಲಿತಾಂಶ ಬಂದರೆ ಸಾಕು, ದಡ ಸೇರಿದಂತೆಯೇ ಎಂದು ಊರಿನ ಹಿರಿಯರು ಹರಸುತ್ತಾರೆ. ಅವರ ಹರಕೆ ದೊಡ್ಡದು. ಆದರೂ ಈ ವರ್ಷ ನನ್ನೊಡನೆ ಹೊರಬೀಳಲಿರುವ ಗೆಳೆಯರಿಗೆ ಒಂದು ಮಾತು ಹೇಳಬಹುದೆಂದು ತೋರುತ್ತದೆ. ಪದವಿಯು ನೆಲ ಬಿಟ್ಟೇಳುವ ಗಳಿಗೆ ಮಾತ್ರ. ತಿರುಗಲು, ಬಾಗಲು, ಹೊರಟ ಊರಿಗೆ ಕ್ಷೇಮವಾಗಿ ಮರಳಲು ಕಲಿಯುವ ಬಯಲು ಮುಂದಿದೆ.