ಪ್ರೋಗ್ರಾಮು ಕಟ್ಟುವ ಮೇಸ್ತ್ರಿಗಳು

ಹಬ್ಬದ ದಿನ ಒಬ್ಬಟ್ಟು ಮಾಡುವುದನ್ನು ವಾಚಕರು ನೋಡಿಯೇ ಇರುತ್ತಾರೆ. ಬೆಂದ ಬೇಳೆಯ ಕಟ್ಟನ್ನು ಬಸಿದು, ಬೆಲ್ಲ ಸೇರಿಸಿ ರುಬ್ಬಿದರೆ ಹೂರಣ. ಹಿಟ್ಟನ್ನು ಕಲಸಿದರೆ ಕಣಕ. ಇವೆರಡೂ ಸಿದ್ಧವಾಗದ ಹೊರತು ಒಬ್ಬಟ್ಟನ್ನು ತಟ್ಟುವಂತಿಲ್ಲ. ಬಸಿದ ಕಟ್ಟಿನಿಂದ ಸಾರಾಗುತ್ತದೆ. ಈಗ ಕಣಕವು ಕೆಟ್ಟಿತೆಂದು ಇಟ್ಟುಕೊಳ್ಳೋಣ. ಅಡುಗೆ ಬಲ್ಲವರು ಯಾರಾದರೂ ಬೇಳೆಯನ್ನು ಮತ್ತೆ ಒಲೆಗೇರಿಸುವರೇ? ಇಲ್ಲ, ಕಣಕವನ್ನು ಮಾತ್ರ ಹೊಸದಾಗಿ ಕಲಸಿ ಒಬ್ಬಟ್ಟು ತಟ್ಟುವರು. ಸಾರಿನ ತಂಟೆಗೆ ಹೋಗುವುದೇ ಇಲ್ಲ. ಯಾವುದು ಯಾವುದನ್ನು ಆಶ್ರಯಿಸಿದೆ ಎಂಬ ತಿಳಿವಳಿಕೆಯೇ ಇಲ್ಲಿನ ಗುಟ್ಟು.

ಕಂಪ್ಯೂಟರ್ ಪ್ರೋಗ್ರಾಮಿನ ರಚನೆಯೂ ಇಂಥದೇ. ಮನುಷ್ಯನು ಬರೆದ ಮೂಲಕಡತಗಳನ್ನು ಕಂಪೈಲರ್ ಎಂಬ ಭಾಷಾಂತರಕಾರನು ಯಂತ್ರಭಾಷೆಗೆ ತಿರುಗಿಸುತ್ತಾನೆ. ಬಳಿಕ ಆ ತುಣುಕುಗಳನ್ನೆಲ್ಲ ಬೆಸೆದರೆ ಪ್ರೋಗ್ರಾಮು ಸಿದ್ಧ. ದೊಡ್ಡ ಪ್ರೋಗ್ರಾಮಿನಲ್ಲಿ ಇಂತಹ ಕಡತಗಳು ಸಾವಿರಾರು. ಒಂದು ಸಾಲನ್ನು ತಿದ್ದಿದಾಗಲೆಲ್ಲ ಎಲ್ಲವನ್ನೂ ಮೊದಲಿನಿಂದ ಕಟ್ಟಿದರೆ ಹೊತ್ತು ಹಾಳು. ಬೇಕಾದುದನ್ನು ಕಟ್ಟದೆ ಬಿಟ್ಟರೆ ಅದಕ್ಕಿಂತಲೂ ಕೇಡು. ಹಳೆಯ ತುಣುಕು ಒಳಗೇ ಉಳಿದು, ತಿದ್ದಿಯಾದ ತಪ್ಪೇ ಮತ್ತೆ ಕಾಣಿಸಿಕೊಳ್ಳುತ್ತದೆ.

ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1976ರಲ್ಲಿ ನಡೆದುದು ಇದೇ. ಸ್ಟೀವ್ ಜಾನ್ಸನ್ ಎಂಬವರು ಸರಿಯಾಗಿಯೇ ಇದ್ದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುತ್ತ ಒಂದು ಬೆಳಗನ್ನೇ ಕಳೆದರು. ತಪ್ಪನ್ನು ತಿದ್ದಿಯಾಗಿತ್ತು, ಆದರೆ ತಿದ್ದಿದ ಕಡತವು ಮತ್ತೆ ಕಂಪೈಲ್ ಆಗಿರಲಿಲ್ಲ! ಈ ಗೋಳನ್ನು ಕೇಳಿದ ಸಹೋದ್ಯೋಗಿ ಸ್ಟೂವರ್ಟ್ ಫೆಲ್ಡ್‌ಮನ್ ಅದೇ ವಾರಾಂತ್ಯದಲ್ಲಿ ‘ಮೇಕ್’ ಎಂಬ ಉಪಕರಣವನ್ನು ರಚಿಸಿದರು. ಇದಕ್ಕಾಗಿ ಅವರಿಗೆ 2003ರ ಎಸಿಎಂ ಸಾಫ್ಟ್‌ವೇರ್ ಸಿಸ್ಟಮ್ ಪ್ರಶಸ್ತಿ ಸಂದಿತು.

ಮೇಕ್ ಕೆಲಸಮಾಡುವ ಬಗೆ ಸರಳ. ಒಂದೊಂದು ವಸ್ತುವಿಗೂ ಬೇಕಾದ ಸಾಮಗ್ರಿ ಯಾವುದು, ಅದನ್ನು ಮಾಡುವ ಆಜ್ಞೆ ಯಾವುದು ಎಂಬುದನ್ನು ‘ಮೇಕ್‌ಫೈಲ್’ ಎಂಬ ಕಡತದಲ್ಲಿ ಬರೆದಿಡಬೇಕು. ಸಾಮಗ್ರಿಯ ಕಡತವು ಸಿದ್ಧವಸ್ತುವಿಗಿಂತ ಈಚಿನದಾಗಿದ್ದರೆ ಮೇಕ್ ಆ ವಸ್ತುವನ್ನು ಮತ್ತೆ ಕಟ್ಟುತ್ತದೆ, ಇಲ್ಲವಾದರೆ ಸುಮ್ಮನಿರುತ್ತದೆ. ಆದರೆ ಅದು ನಂಬುವುದು ಕಾಲವನ್ನು. ಗಡಿಯಾರ ತಪ್ಪಿದರೆ ಲೆಕ್ಕವೂ ತಪ್ಪುತ್ತದೆ. ಇದರ ಇನ್ನೊಂದು ಕಿರುಕುಳ ಪ್ರಸಿದ್ಧವಾದುದು: ಆಜ್ಞೆಯ ಸಾಲು ‘ಟ್ಯಾಬ್’ ಚಿಹ್ನೆಯಿಂದಲೇ ಆರಂಭವಾಗಬೇಕು, ಬರಿಯ ಖಾಲಿ ಜಾಗ ಸಾಲದು. ಇದು ತೊಡಕೆಂದು ತಿಳಿಯುವ ವೇಳೆಗೆ ಹತ್ತುಹನ್ನೆರಡು ಮಂದಿ ಬಳಕೆದಾರರಿದ್ದರು. ಅವರಿಗೆ ತೊಂದರೆಯಾಗದಿರಲೆಂದು ಫೆಲ್ಡ್‌ಮನ್ ಅದನ್ನು ಹಾಗೆಯೇ ಉಳಿಸಿದರು. ಅಂದಿನ ಆ ದಾಕ್ಷಿಣ್ಯದ ಫಲವನ್ನು ಜಗತ್ತು ಇಂದಿಗೂ ಉಣ್ಣುತ್ತಿದೆ.

2000ದಲ್ಲಿ ಸ್ವತಂತ್ರವಾಗಿ ಹೊರಬಂದ ‘ಆಂಟ್’ ಜಾವಾ ಭಾಷೆಯಲ್ಲಿಯೇ ರಚಿತವಾದುದರಿಂದ ಬೇರೆಬೇರೆ ಬಗೆಯ ಕಂಪ್ಯೂಟರುಗಳಲ್ಲಿ ಒಂದೇ ರೀತಿ ನಡೆಯುತ್ತಿತ್ತು. ಆದರೆ ಪ್ರತಿಯೊಂದು ಹೆಜ್ಜೆಯನ್ನೂ ಎಕ್ಸ್‌ಎಂಎಲ್‌ನಲ್ಲಿ ಉದ್ದುದ್ದವಾಗಿ ಬರೆಯಬೇಕು. 2004ರಲ್ಲಿ ಮೊದಲ ಪೂರ್ಣ ಆವೃತ್ತಿ ಕಂಡ ‘ಮೇವನ್’ ಸಂಪ್ರದಾಯವನ್ನು ಮುಂದಿಟ್ಟಿತು. ಕಡತಗಳನ್ನು ಅದು ಗೊತ್ತುಮಾಡಿದ ಜಾಗದಲ್ಲಿರಿಸಿದರೆ ಹೆಚ್ಚೇನೂ ಹೇಳಬೇಕಾಗಿಲ್ಲ. ಇತರರು ರಚಿಸಿದ ಭಾಗಗಳನ್ನು ಕೇಂದ್ರ ಭಂಡಾರದಿಂದ ತಾನೇ ತಂದುಕೊಳ್ಳುತ್ತದೆ. ಸಂಪ್ರದಾಯವನ್ನು ಮೀರಹೊರಟವರಿಗೆ ಮಾತ್ರ ಕಷ್ಟ. 2012ರಲ್ಲಿ 1.0 ಆವೃತ್ತಿಯಾಗಿ ಬಂದ ‘ಗ್ರೇಡಲ್’ ಈ ಬಿಗಿಯನ್ನು ಸಡಿಲಿಸಿತು. ಇಲ್ಲಿ ಕಟ್ಟುವ ವಿಧಿಯನ್ನೇ ಗ್ರೂವಿ ಅಥವಾ ಕಾಟ್ಲಿನ್ ಭಾಷೆಯಲ್ಲಿ ಬರೆಯಬಹುದು. ಆಂಡ್ರಾಯ್ಡ್ ಫೋನಿನ ಪ್ರೋಗ್ರಾಮುಗಳನ್ನು ಕಟ್ಟಲು ಬಳಕೆಯಲ್ಲಿರುವುದು ಇದೇ. ಸ್ವಾತಂತ್ರ್ಯಕ್ಕೆ ತೆರಬೇಕಾದ ಬೆಲೆಯೂ ಉಂಟು: ವಿಧಿಯೇ ಒಂದು ಪ್ರೋಗ್ರಾಮಾದಾಗ ಅದರಲ್ಲಿಯೂ ತಪ್ಪುಗಳು ನುಸುಳಬಲ್ಲವು.

ಗೂಗಲ್ ಸಂಸ್ಥೆ 2015ರಲ್ಲಿ ಸಾರ್ವಜನಿಕರಿಗೆ ತೆರೆದಿಟ್ಟ ‘ಬೇಜಲ್’ ಗಡಿಯಾರವನ್ನು ನೆಚ್ಚದು. ಕಡತದ ಒಳಗಿನ ಬರಹದಿಂದ ಬೆರಳಚ್ಚಿನಂತಹ ಒಂದು ಗುರುತನ್ನು ಲೆಕ್ಕಹಾಕಿ, ಗುರುತು ಬದಲಾದರೆ ಮಾತ್ರ ಮತ್ತೆ ಕಟ್ಟುತ್ತದೆ. ಮೇಲಾಗಿ, ಪ್ರತಿ ಕೆಲಸವನ್ನೂ ಪ್ರತ್ಯೇಕವಾದ ಕೋಣೆಯಲ್ಲಿಟ್ಟಂತೆ ನಡೆಸಿ, ಹೆಸರಿಸದ ಸಾಮಗ್ರಿಯು ಕಣ್ಣಿಗೇ ಬೀಳದಂತೆ ಮಾಡುತ್ತದೆ. ಎಲ್ಲವನ್ನೂ ಚಾಚೂತಪ್ಪದೆ ಹೆಸರಿಸುವ ಶ್ರಮ ಮಾತ್ರ ನಮ್ಮದು.

ಹಾಗಾದರೆ ಯಾವುದು ಮೇಲು? ಸಿ ಭಾಷೆಯ ಪುಟ್ಟ ಪ್ರೋಗ್ರಾಮಿಗೆ ಮೇಕ್ ಸಾಕು. ಜಾವಾದ ಸಾಮಾನ್ಯ ಕೆಲಸಕ್ಕೆ ಮೇವನ್, ಆಂಡ್ರಾಯ್ಡಿಗೆ ಗ್ರೇಡಲ್, ಹಲವು ಭಾಷೆಗಳ ಬೃಹತ್ ರಚನೆಗೆ ಬೇಜಲ್. ಮನೆಯ ಅಳತೆಗೆ ತಕ್ಕ ಮೇಸ್ತ್ರಿ.

ವಿದ್ಯಾರ್ಥಿಗಳು ಇದನ್ನು ತಾವೇ ಪರೀಕ್ಷಿಸಬಹುದು. ಸಿ ಭಾಷೆಯಲ್ಲಿ ಎರಡು ಮೂಲಕಡತಗಳನ್ನೂ ಅವೆರಡಕ್ಕೂ ಬೇಕಾದ ಒಂದು ಹೆಡರ್ ಕಡತವನ್ನೂ ಬರೆದು, ಮೇಕ್‌ಫೈಲಿನಲ್ಲಿ ಹೆಡರಿನ ಹೆಸರನ್ನು ಬೇಕೆಂದೇ ಬಿಟ್ಟುಬಿಡಿರಿ. ಒಮ್ಮೆ ಕಟ್ಟಿದ ಮೇಲೆ ಹೆಡರನ್ನು ತಿದ್ದಿ ಮತ್ತೆ ಮೇಕನ್ನು ಕರೆಯಿರಿ. ‘ಮಾಡುವುದೇನೂ ಇಲ್ಲ’ ಎಂದೇ ಅದು ಹೇಳುವುದು. ಬಿಟ್ಟ ಹೆಸರನ್ನು ಸೇರಿಸಿದೊಡನೆ ಎರಡು ಕಡತಗಳೂ ಮತ್ತೆ ಕಂಪೈಲ್ ಆಗುವುವು. ಮೇಸ್ತ್ರಿ ಎಷ್ಟೇ ಜಾಣನಾದರೂ ನಾವು ಹೇಳದೆ ಬಿಟ್ಟುದನ್ನು ಅವನು ಅರಿಯನೆಂಬುದು ಆಗ ಮನದಟ್ಟಾಗುವುದು.